ಒಂದು ಇಮೇಜ್, 38 ಕಂಪ್ಯೂಟರುಗಳು, ಏಳು ವಾರಗಳ ಲೈಸೆನ್ಸ್ ಲೆಕ್ಕ

ಕಳೆದ ವಾರ ನಮ್ಮ ಕಚೇರಿಯ ಕೊನೆಯ ಕಂಪ್ಯೂಟರಿಗೆ ಹೊಸ ಇಮೇಜ್, ಅಂದರೆ ವಿಂಡೋಸ್ ಮತ್ತು ಬೇಕಾದ ತಂತ್ರಾಂಶಗಳೆಲ್ಲ ಸೇರಿದ ಡಿಸ್ಕಿನ ಸಿದ್ಧ ನಕಲು, ಇಳಿಸಿ ಮುಗಿಸಿದೆ. ಒಟ್ಟು 38 ಯಂತ್ರಗಳು. ಒಂದು ಶನಿವಾರ ಮತ್ತು ಭಾನುವಾರದೊಳಗೆ ಮುಗಿಯುತ್ತದೆ ಎಂದು ಅಂದಾಜು ಮಾಡಿದ್ದ ಈ ಕೆಲಸ ಏಳು ವಾರ ಹಿಡಿಯಿತು. ಡಿಸ್ಕ್ ಅಳಿಸಿ ಇಮೇಜ್ ಹಾಕುವುದಕ್ಕೆ ಬೇಕಾದದ್ದು ಮೂರು ಸಂಜೆ ಮಾತ್ರ. ಉಳಿದ ದಿನಗಳೆಲ್ಲ ಹಳೆಯ ಬಿಲ್ಲುಗಳನ್ನು ಹುಡುಕುವುದರಲ್ಲಿ, ಮಾರಾಟಗಾರರ ಉತ್ತರಕ್ಕೆ ಕಾಯುವುದರಲ್ಲಿ ಮತ್ತು ಯಾವ ಯಂತ್ರಕ್ಕೆ ಯಾವ ಹಕ್ಕು ಇದೆ ಎಂದು ತಿಳಿದುಕೊಳ್ಳುವುದರಲ್ಲಿ ಕಳೆದವು. ಇದೇ ಕೆಲಸಕ್ಕೆ ಕೈ ಹಾಕಲಿರುವವರು ನಾನು ಕಳೆದಷ್ಟು ದಿನಗಳನ್ನು ಕಳೆಯದಿರಲಿ ಎಂಬ ಉದ್ದೇಶದಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಎಲ್ಲವೂ ಶುರುವಾದದ್ದು ಲೆಕ್ಕಪತ್ರ ವಿಭಾಗದ ಮೂಲೆಯಲ್ಲಿದ್ದ, ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿದ ಒಂದು ಕಂಪ್ಯೂಟರಿನಿಂದ. ಅದರಲ್ಲಿ ಸೇರಿಕೊಂಡ ಮಾಲ್‌ವೇರ್ ಹಂಚಿಕೆಯ ಫೋಲ್ಡರಿನ ಮೂಲಕ ಇನ್ನೂ ಎರಡು ಯಂತ್ರಗಳಿಗೆ ಹಬ್ಬಿತು. ಅದೃಷ್ಟವಶಾತ್ ಬ್ಯಾಕಪ್ ಇತ್ತು, ಕಡತಗಳು ಉಳಿದವು. ಆದರೆ ವರ್ಷಗಳಿಂದ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ತಂತ್ರಾಂಶಗಳನ್ನು ತುಂಬಿಸಿಟ್ಟಿದ್ದ ಈ ಯಂತ್ರಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಎಲ್ಲವನ್ನೂ ಅಳಿಸಿ, ಒಂದೇ ಶುದ್ಧ ಇಮೇಜಿನಿಂದ ಮತ್ತೆ ಕಟ್ಟುವುದೆಂದು ತೀರ್ಮಾನವಾಯಿತು.

ಹೊರಗಿನಿಂದ ಬಂದ ತಂತ್ರಜ್ಞರು ಹೇಳಿದ ದಾರಿ ಸುಲಭವಾಗಿತ್ತು. ಒಂದು ಕಂಪ್ಯೂಟರನ್ನು ಬೇಕಾದ ಹಾಗೆ ಸಿದ್ಧಪಡಿಸಿ, ಅದರ ಡಿಸ್ಕನ್ನು ಉಳಿದವುಗಳಿಗೆ ನಕಲು ಮಾಡಿದರೆ ಸಾಕು. ಪ್ರತಿ ಯಂತ್ರದ ಮದರ್‌ಬೋರ್ಡಿನಲ್ಲೇ ವಿಂಡೋಸ್ ಕೀ ಇರುವುದರಿಂದ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ ಎಂದರು. ತಾಂತ್ರಿಕವಾಗಿ ಅವರು ಹೇಳಿದ್ದರಲ್ಲಿ ಬಹುಪಾಲು ನಿಜ. ವಿಂಡೋಸ್ 8ರ ಕಾಲದಿಂದ ದೊಡ್ಡ ತಯಾರಕರು ಕೀಯನ್ನು ಯುಇಎಫ್‌ಐ ಫರ್ಮ್‌ವೇರಿನಲ್ಲೇ, ಅಂದರೆ ಯಂತ್ರವನ್ನು ಆರಂಭಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶದಲ್ಲಿ, ಬರೆದು ಕಳುಹಿಸುತ್ತಾರೆ. ಆದರೆ ಆ ರಾತ್ರಿ ಮೈಕ್ರೋಸಾಫ್ಟಿನ ಲೈಸೆನ್ಸ್ ನಿಯಮಗಳನ್ನು ಓದುತ್ತ ಕುಳಿತಾಗ ನನ್ನ ಎಣಿಕೆ ತಲೆಕೆಳಗಾಯಿತು. ಕಂಪ್ಯೂಟರಿನೊಂದಿಗೇ ಬರುವ ವಿಂಡೋಸ್, ಅಂದರೆ ಒಇಎಂ ಲೈಸೆನ್ಸ್, ಆ ಒಂದು ಯಂತ್ರದಲ್ಲಿ ಅದನ್ನು ಬಳಸುವ ಹಕ್ಕನ್ನು ಕೊಡುತ್ತದೆಯೇ ಹೊರತು, ಆ ಪ್ರತಿಯಿಂದ ಇಮೇಜ್ ತಯಾರಿಸಿ ಬೇರೆ ಯಂತ್ರಗಳಿಗೆ ಹಂಚುವ ಹಕ್ಕನ್ನು ಕೊಡುವುದಿಲ್ಲ. ತಯಾರಕರು ಕೊಟ್ಟ ರಿಕವರಿ ಮಾಧ್ಯಮದಿಂದ ಒಂದೊಂದೇ ಯಂತ್ರವನ್ನು ಮರುಸ್ಥಾಪಿಸಬಹುದು. ಒಂದೇ ಇಮೇಜನ್ನು ಎಲ್ಲದಕ್ಕೂ ಇಳಿಸಬೇಕೆಂದರೆ ಅದಕ್ಕೆ ರೀಇಮೇಜಿಂಗ್ ಹಕ್ಕು ಬೇಕು, ಮತ್ತು ಆ ಹಕ್ಕು ವಾಲ್ಯೂಮ್ ಲೈಸೆನ್ಸಿಂಗ್ (ಸಂಸ್ಥೆಗಳಿಗಾಗಿ ಇರುವ ಲೈಸೆನ್ಸ್ ಒಪ್ಪಂದ) ಗ್ರಾಹಕರಿಗೆ ಮಾತ್ರ ಸಿಗುತ್ತದೆ.

ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಇದನ್ನು ಎಷ್ಟೋ ಕಚೇರಿಗಳು ತಿಳಿಯದೆ ಬೇಡದ ಲೈಸೆನ್ಸುಗಳನ್ನು ಕೊಳ್ಳುತ್ತವೆ. ಪ್ರತಿ ಯಂತ್ರಕ್ಕೂ ವಾಲ್ಯೂಮ್ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಆ ಉತ್ಪನ್ನದ ಒಂದು ವಾಲ್ಯೂಮ್ ಲೈಸೆನ್ಸ್ ಇದ್ದರೆ ಅದರ ಮಾಧ್ಯಮ (ಸ್ಥಾಪನೆಯ ಕಡತಗಳು) ಮತ್ತು ಕೀ ಕೈಗೆ ಸಿಗುತ್ತವೆ, ಅವುಗಳಿಂದ ತಯಾರಿಸಿದ ಇಮೇಜನ್ನು ಈಗಾಗಲೇ ಒಇಎಂ ಅಥವಾ ರಿಟೇಲ್ (ಬಿಡಿಯಾಗಿ ಕೊಂಡ) ಲೈಸೆನ್ಸ್ ಹೊಂದಿರುವ ಇತರ ಯಂತ್ರಗಳಿಗೆ ಇಳಿಸಬಹುದು. ಷರತ್ತೇನೆಂದರೆ, ಯಂತ್ರಕ್ಕೆ ಇರುವ ಲೈಸೆನ್ಸ್ ಮತ್ತು ಇಮೇಜಿನಲ್ಲಿರುವ ತಂತ್ರಾಂಶ ಒಂದೇ ಉತ್ಪನ್ನದ್ದು, ಒಂದೇ ಆವೃತ್ತಿಯದ್ದು ಮತ್ತು ಒಂದೇ ಎಡಿಶನ್ನಿನದ್ದು (ಹೋಮ್, ಪ್ರೊ, ಎಂಟರ್‌ಪ್ರೈಸ್ ಎಂಬ ದರ್ಜೆ) ಆಗಿರಬೇಕು. ಪ್ರೊ ಇರುವ ಯಂತ್ರಕ್ಕೆ ಪ್ರೊ ಇಮೇಜ್ ಹಾಕಬಹುದು. ಹೋಮ್ ಇರುವ ಯಂತ್ರಕ್ಕೆ ಪ್ರೊ ಹಾಕುವಂತಿಲ್ಲ. ಪ್ರೊ ಇರುವ ಯಂತ್ರಕ್ಕೆ ಎಂಟರ್‌ಪ್ರೈಸ್ ಹಾಕಬೇಕಾದರೆ ಪ್ರತಿ ಯಂತ್ರಕ್ಕೂ ಅದರ ಲೈಸೆನ್ಸ್ ಬೇರೆಯಾಗಿಯೇ ಬೇಕು.

ಹಾಗಾಗಿ ಇಮೇಜಿನ ಮಾತನ್ನು ಬದಿಗಿಟ್ಟು, ಮೊದಲು ಯಾವ ಯಂತ್ರಕ್ಕೆ ಏನಿದೆ ಎಂದು ಪಟ್ಟಿ ಮಾಡತೊಡಗಿದೆ.

ಮೊದಲ ವಾರವಿಡೀ ಒಂದೊಂದು ಮೇಜಿನ ಬಳಿ ಹೋಗಿ ಕುಳಿತೆ. ಪ್ರತಿ ಯಂತ್ರದ ಸೀರಿಯಲ್ ಸಂಖ್ಯೆ, ಮಾದರಿ, ಅದರ ಮೇಲಿರುವ ಸ್ಟಿಕ್ಕರಿನ ಫೋಟೋ, ಫರ್ಮ್‌ವೇರಿನಲ್ಲಿರುವ ಕೀಯ ಕೊನೆಯ ಐದು ಅಕ್ಷರಗಳು, ಈಗ ನಡೆಯುತ್ತಿರುವ ಎಡಿಶನ್, ಆಕ್ಟಿವೇಶನ್ ಯಾವ ವಾಹಿನಿಯಿಂದ ಆಗಿದೆ ಎಂಬ ವಿವರ, ಖರೀದಿ ಬಿಲ್ಲಿನ ಸಂಖ್ಯೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ವಾಹಿನಿಯನ್ನು ತಿಳಿಯಲು ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಆಜ್ಞೆಯನ್ನು ಡಿಎಲ್‌ವಿ ಸೂಚಕದೊಂದಿಗೆ ಕೊಟ್ಟರೆ ಸಾಕು. ಒಇಎಂ, ರಿಟೇಲ್, ವಾಲ್ಯೂಮ್ ಇವುಗಳಲ್ಲಿ ಯಾವುದು ಎಂದು ಕಿಟಕಿಯೊಂದು ತೆರೆದು ತೋರಿಸುತ್ತದೆ. ಈ ಹಾಳೆಯನ್ನು ಯಂತ್ರ ಅಳಿಸುವ ಮುಂಚೆಯೇ ತುಂಬಿಸಬೇಕು. ಅಳಿಸಿದ ಮೇಲೆ ರಿಟೇಲ್ ಕೀಯ ಗುರುತು ಆ ಯಂತ್ರದಲ್ಲಿ ಉಳಿಯುವುದಿಲ್ಲ.

ಮಾಲ್‌ವೇರ್ ಮೊದಲು ಕಾಣಿಸಿಕೊಂಡ ಆ ಮೂಲೆಯ ಕಂಪ್ಯೂಟರಿನ ಮುಂದೆ, ನೆಟ್‌ವರ್ಕ್ ತಂತಿಯನ್ನು ಕಿತ್ತಿಟ್ಟು, ಇದೇ ಆಜ್ಞೆ ಕೊಟ್ಟೆ. ತೆರೆದ ಕಿಟಕಿಯಲ್ಲಿ ಲೈಸೆನ್ಸ್ ಸ್ಥಿತಿ ‘ಲೈಸೆನ್ಸ್ಡ್’ ಎಂದಿತ್ತು. ಸೆಟ್ಟಿಂಗ್ಸ್ ಪುಟವೂ ವಿಂಡೋಸ್ ಆಕ್ಟಿವೇಟ್ ಆಗಿದೆ ಎಂದೇ ಹೇಳುತ್ತಿತ್ತು. ಕೆಳಗೆ ಬರುತ್ತ ವಾಹಿನಿ ವಾಲ್ಯೂಮ್ ಎಂದೂ, ಆಕ್ಟಿವೇಶನ್ ಕೊಟ್ಟದ್ದು ಒಂದು ಕೆಎಂಎಸ್ ಸರ್ವರ್ (ಸಂಸ್ಥೆಯ ಯಂತ್ರಗಳಿಗೆ ಒಳಗಿನಿಂದಲೇ ಆಕ್ಟಿವೇಶನ್ ಕೊಡುವ ಸರ್ವರ್) ಎಂದೂ ಕಂಡಿತು. ಆ ಸರ್ವರಿನ ವಿಳಾಸ 127ರಿಂದ ಆರಂಭವಾಗುತ್ತಿತ್ತು, ಅಂದರೆ ಆ ಯಂತ್ರ ತನಗೆ ತಾನೇ ಆಕ್ಟಿವೇಶನ್ ಕೊಟ್ಟುಕೊಂಡಿತ್ತು. ನಮ್ಮಲ್ಲಿ ಕೆಎಂಎಸ್ ಸರ್ವರ್ ಎಂಬುದೇ ಇರಲಿಲ್ಲ. ನಿಜವಾದ ಕೆಎಂಎಸ್ ಸರ್ವರ್ ಕನಿಷ್ಠ 25 ವಿಂಡೋಸ್ ಯಂತ್ರಗಳು ಕೇಳಿದ ಮೇಲಷ್ಟೇ ಆಕ್ಟಿವೇಶನ್ ಕೊಡಲು ಆರಂಭಿಸುತ್ತದೆ, ಕೊಟ್ಟದ್ದೂ 180 ದಿನಗಳಿಗೆ ಮಾತ್ರ. ಇಲ್ಲಿ ಯಾರೋ ಎಂದೋ ಲೈಸೆನ್ಸಿಲ್ಲದೆ ಆಕ್ಟಿವೇಟ್ ಮಾಡುವ ಒಂದು ಕ್ರ್ಯಾಕ್ ಉಪಕರಣವನ್ನು ಓಡಿಸಿದ್ದರು, ಅದಕ್ಕೆ ತಡೆಯಾಗದಿರಲೆಂದು ಆಂಟಿವೈರಸ್ಸಿನ ವಿನಾಯಿತಿ ಪಟ್ಟಿಗೆ ಒಂದು ಫೋಲ್ಡರನ್ನು ಸೇರಿಸಿದ್ದರು. ಮಾಲ್‌ವೇರ್ ಸಿಕ್ಕಿದ್ದು ಅದೇ ಫೋಲ್ಡರಿನಲ್ಲಿ. ನಾನು ಬಹಳ ಹೊತ್ತು ಆ ಕಿಟಕಿಯನ್ನೇ ನೋಡುತ್ತ ಕುಳಿತಿದ್ದೆ. ಆಕ್ಟಿವೇಟ್ ಆಗಿದೆ ಎಂಬುದೇ ಲೈಸೆನ್ಸ್ ಇದೆ ಎಂಬುದಕ್ಕೆ ಪುರಾವೆ ಎಂದು ಅಲ್ಲಿಯವರೆಗೆ ನಾನೂ ತಿಳಿದಿದ್ದೆ. ಆಕ್ಟಿವೇಶನ್ ಎಂಬುದು ಒಂದು ತಾಂತ್ರಿಕ ತಪಾಸಣೆ ಮಾತ್ರ. ಲೈಸೆನ್ಸ್ ಎಂಬುದು ಬಿಲ್ಲಿನಲ್ಲಿ, ಸ್ಟಿಕ್ಕರಿನಲ್ಲಿ ಮತ್ತು ಒಪ್ಪಂದದಲ್ಲಿ ಇರುವ ಹಕ್ಕು. ಮುಂದಿನ ಆರು ವಾರಗಳ ಪ್ರತಿಯೊಂದು ತೀರ್ಮಾನವನ್ನೂ ಈ ವ್ಯತ್ಯಾಸವನ್ನು ಮುಂದಿಟ್ಟುಕೊಂಡೇ ತೆಗೆದುಕೊಂಡೆ.

ಹಾಳೆ ಪೂರ್ತಿಯಾದಾಗ ಚಿತ್ರ ಹೀಗಿತ್ತು. ಒಂದೇ ಸಲ ಕೊಂಡ 22 ಡೆಸ್ಕ್‌ಟಾಪುಗಳು ಕಾರ್ಖಾನೆಯಿಂದಲೇ ವಿಂಡೋಸ್ 11 ಪ್ರೊ ಹೊಂದಿದ್ದವು. ಒಂಬತ್ತು ಲ್ಯಾಪ್‌ಟಾಪುಗಳು ವಿಂಡೋಸ್ 11 ಹೋಮ್‌ನೊಂದಿಗೆ ಬಂದಿದ್ದವು, ಆದರೆ ಎಲ್ಲವೂ ಪ್ರೊ ನಡೆಸುತ್ತಿದ್ದವು. ಅವುಗಳಲ್ಲಿ ಐದಕ್ಕೆ ಪ್ರೊ ಮೇಲ್ದರ್ಜೆಗೆ ಹಣ ಕಟ್ಟಿದ ರಸೀದಿ ಸಿಕ್ಕಿತು, ನಾಲ್ಕಕ್ಕೆ ಏನೂ ಸಿಗಲಿಲ್ಲ. ಜೋಡಿಸಿದ ಯಂತ್ರಗಳು ಮೂರು. ಒಂದಕ್ಕೆ ವಿಂಡೋಸ್ 11 ಪ್ರೊ ರಿಟೇಲ್ ಪೆಟ್ಟಿಗೆ ಮತ್ತು ಬಿಲ್ ಇತ್ತು, ಉಳಿದ ಎರಡಕ್ಕೆ ಯಾವ ದಾಖಲೆಯೂ ಇರಲಿಲ್ಲ. ಕೊನೆಯ ನಾಲ್ಕು ಬಹಳ ಹಳೆಯವು, ವಿಂಡೋಸ್ 7ರ ಸ್ಟಿಕ್ಕರ್ ಹೊತ್ತು ವಿಂಡೋಸ್ 10 ನಡೆಸುತ್ತಿದ್ದವು.

ಕಾಗದದ ಹುಡುಕಾಟ ಎರಡು ಮತ್ತು ಮೂರನೆಯ ವಾರವನ್ನು ನುಂಗಿತು. ಬಿಲ್ಲುಗಳಲ್ಲಿ ಹೆಚ್ಚಿನವು ಲೆಕ್ಕಪರಿಶೋಧನೆಯ ಕಡತಗಳಲ್ಲೇ ಇದ್ದವು. ಆದರೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ‘ಕಂಪ್ಯೂಟರ್, 22’ ಎಂದಷ್ಟೇ ಬರೆದಿರುತ್ತಾರೆ, ವಿಂಡೋಸಿನ ಹೆಸರಾಗಲಿ ಎಡಿಶನ್ ಆಗಲಿ ಇರುವುದಿಲ್ಲ. ಸೀರಿಯಲ್ ಸಂಖ್ಯೆಗಳಿರುವ ಸರಬರಾಜು ಚೀಟಿ ಸಿಕ್ಕಿದ ಮೇಲೆಯೇ ಬಿಲ್ಲಿಗೂ ಯಂತ್ರಕ್ಕೂ ಸಂಬಂಧ ಸ್ಥಾಪಿತವಾಯಿತು. ಹೊಸ ಯಂತ್ರ ಕೊಳ್ಳುವವರು ಎಡಿಶನ್ ಹೆಸರನ್ನು ಮತ್ತು ಸೀರಿಯಲ್ ಸಂಖ್ಯೆಗಳನ್ನು ಬಿಲ್ಲಿನಲ್ಲೇ ನಮೂದಿಸುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಅಂದು ಒಂದು ಸಾಲು ಬರೆಸಿದ್ದರೆ ನನಗೆ ಎಂಟು ದಿನ ಉಳಿಯುತ್ತಿತ್ತು.

22 ಡೆಸ್ಕ್‌ಟಾಪುಗಳಲ್ಲಿ ಒಂದು ನಮ್ಮನ್ನು ಬೇರೆ ರೀತಿಯಲ್ಲಿ ಕಾಡಿತು. ಅದರ ಫರ್ಮ್‌ವೇರಿನಲ್ಲಿ ಕೀಯೇ ಇರಲಿಲ್ಲ. ವಿಚಾರಿಸಿದಾಗ, ವಾರಂಟಿಯ ಅವಧಿಯಲ್ಲಿ ಅದರ ಮದರ್‌ಬೋರ್ಡ್ ಕೆಟ್ಟು ಬದಲಾಯಿಸಲಾಗಿತ್ತು ಎಂದು ತಿಳಿಯಿತು. ಒಇಎಂ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡದ್ದು. ಸ್ವಂತ ಇಚ್ಛೆಯಿಂದ ಬೇರೆ ಬೋರ್ಡ್ ಹಾಕಿದರೆ ಅದು ಹೊಸ ಯಂತ್ರವೆಂದೇ ಲೆಕ್ಕ. ಆದರೆ ಕೆಟ್ಟುಹೋದ ಬೋರ್ಡಿಗೆ ಬದಲಾಗಿ ತಯಾರಕರೇ ಅದೇ ಬಗೆಯ ಬೋರ್ಡ್ ಹಾಕಿಕೊಟ್ಟರೆ ಲೈಸೆನ್ಸ್ ಮುಂದುವರಿಯುತ್ತದೆ. ಆ ದುರಸ್ತಿಯ ವರದಿಯ ಪ್ರತಿಯನ್ನು ಸೇವಾ ಕೇಂದ್ರದಿಂದ ಪಡೆಯಲು ಒಂಬತ್ತು ದಿನ ಬೇಕಾಯಿತು. ದುರಸ್ತಿಗೆ ಕೊಟ್ಟಾಗಲೇ ಆ ಚೀಟಿಯನ್ನು ಎತ್ತಿಡಬೇಕಿತ್ತು.

ದಾಖಲೆ ಇಲ್ಲದ ಆರು ಯಂತ್ರಗಳ ವಿಷಯ ಮೇಲಧಿಕಾರಿಗಳಿಗೆ ಹೇಳುವ ಸಂದರ್ಭ ನನಗೆ ಸುಲಭವಾಗಿರಲಿಲ್ಲ. ಇಷ್ಟು ವರ್ಷ ನಡೆದುಕೊಂಡೇ ಬಂದಿದೆಯಲ್ಲ, ಈಗೇಕೆ ಖರ್ಚು ಎಂಬ ಪ್ರಶ್ನೆ ಬಂದೇ ಬಂತು. ನಾನು ಆ ಮೂಲೆಯ ಯಂತ್ರದ ಕಿಟಕಿಯ ಫೋಟೋವನ್ನು ಮುಂದಿಟ್ಟು, ಕ್ರ್ಯಾಕ್ ಉಪಕರಣಕ್ಕೂ ನಮ್ಮ ಕಚೇರಿಯಲ್ಲಿ ನಿಂತ ಕೆಲಸಕ್ಕೂ ಇರುವ ಸಂಬಂಧವನ್ನು ವಿವರಿಸಿದೆ. ಮರುದಿನ ಒಪ್ಪಿಗೆ ಸಿಕ್ಕಿತು.

ಖರೀದಿಯಲ್ಲಿ ಎಚ್ಚರ ತಪ್ಪುವುದು ಬಹಳ ಸುಲಭ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಂಡೋಸಿನ ವಾಲ್ಯೂಮ್ ಲೈಸೆನ್ಸ್ ಮೇಲ್ದರ್ಜೆಯ ಲೈಸೆನ್ಸ್ ಮಾತ್ರ; ಅದರ ಕೆಳಗೆ ಅರ್ಹವಾದ ಮೂಲ ಲೈಸೆನ್ಸ್ ಒಂದು ಇರಲೇಬೇಕು. ಖಾಲಿ ಯಂತ್ರಕ್ಕೆ ಅದನ್ನೇ ಮೊದಲ ಲೈಸೆನ್ಸಾಗಿ ಬಳಸುವಂತಿಲ್ಲ, ಮತ್ತು ಕಚೇರಿಗಳ ಮಟ್ಟಿಗೆ ಹೋಮ್ ಎಡಿಶನ್ ಅರ್ಹ ಮೂಲವಲ್ಲ. ನಮಗೆ ಬಂದ ಮೊದಲ ಕೊಟೇಶನ್ನಿನಲ್ಲಿ ಆರು ಯಂತ್ರಗಳಿಗೂ ವಾಲ್ಯೂಮ್ ಲೈಸೆನ್ಸನ್ನೇ ಬರೆದಿದ್ದರು. ಅದನ್ನು ಒಪ್ಪಿಕೊಂಡಿದ್ದರೆ ಹಣವೂ ಹೋಗುತ್ತಿತ್ತು, ಯಂತ್ರಗಳೂ ಲೈಸೆನ್ಸಿಲ್ಲದೆಯೇ ಉಳಿಯುತ್ತಿದ್ದವು. ಕೊಟೇಶನ್ನನ್ನು ಹಿಂದಿರುಗಿಸಿ, ನಾಲ್ಕು ಲ್ಯಾಪ್‌ಟಾಪುಗಳಿಗೆ ಹೋಮ್‌ನಿಂದ ಪ್ರೊಗೆ ಏರುವ ಲೈಸೆನ್ಸ್, ಎರಡು ಜೋಡಿಸಿದ ಯಂತ್ರಗಳಿಗೆ ಪೂರ್ಣ ಪ್ರೊ ಲೈಸೆನ್ಸ್, ಮತ್ತು ಇಮೇಜಿನ ಹಕ್ಕಿಗಾಗಿ ಒಂದೇ ಒಂದು ವಾಲ್ಯೂಮ್ ಲೈಸೆನ್ಸ್, ಹೀಗೆ ಏಳು ಲೈಸೆನ್ಸುಗಳನ್ನು ಬರೆಸಿದೆ. ಮಾರಾಟಗಾರರ ಪ್ರತಿನಿಧಿ ಒಂದೇ ವಾಲ್ಯೂಮ್ ಲೈಸೆನ್ಸ್ ಸಾಕು ಎಂಬುದನ್ನು ಮೊದಲು ಒಪ್ಪಲಿಲ್ಲ. ರೀಇಮೇಜಿಂಗ್ ಕುರಿತ ಮೈಕ್ರೋಸಾಫ್ಟಿನ ಲೈಸೆನ್ಸಿಂಗ್ ಟಿಪ್ಪಣಿಯನ್ನು ಮುದ್ರಿಸಿ ಕಳುಹಿಸಿದ ಮೇಲೆ ಒಪ್ಪಿದರು. ಆ ಟಿಪ್ಪಣಿಯ ಪ್ರತಿಯನ್ನು ನಮ್ಮ ಕಡತದಲ್ಲೂ ಇಟ್ಟಿದ್ದೇನೆ.

ನಂತರ ಕಾಯುವ ಸರದಿ. ಒಪ್ಪಂದದ ಖಾತೆ ತೆರೆಯಲು ಕಚೇರಿಯ ಡೊಮೇನ್ ಹೆಸರಿನ ಒಡೆತನವನ್ನು ಸಾಬೀತುಪಡಿಸಬೇಕಿತ್ತು, ಆ ಡೊಮೇನಿನ ನಿಯಂತ್ರಣ ಹಿಂದೆ ಕೆಲಸ ಬಿಟ್ಟುಹೋದವರ ವೈಯಕ್ತಿಕ ಇಮೇಲಿನಲ್ಲಿತ್ತು. ಅದನ್ನು ಬಿಡಿಸಿಕೊಂಡು ಮಾಧ್ಯಮ ಮತ್ತು ಕೀ ಕೈಗೆ ಬರುವಾಗ ಹನ್ನೊಂದು ದಿನಗಳಾಗಿದ್ದವು. ಸಿಕ್ಕಿದ್ದು ಎಂಎಕೆ (ಮಲ್ಟಿಪಲ್ ಆಕ್ಟಿವೇಶನ್ ಕೀ) ಬಗೆಯ ಕೀ. ಒಂದು ಕೀಯಿಂದ ಹಲವು ಯಂತ್ರಗಳನ್ನು ಆಕ್ಟಿವೇಟ್ ಮಾಡಬಹುದು, ಆದರೆ ಅದಕ್ಕೊಂದು ಮಿತಿ ಇರುತ್ತದೆ. ನಮಗೆ ಬೇಕಾದ ಸಂಖ್ಯೆ ಆ ಮಿತಿಗಿಂತ ಹೆಚ್ಚಾಗಿದ್ದರಿಂದ, ರೀಇಮೇಜಿಂಗ್ ಹಕ್ಕಿನಡಿ ಇಷ್ಟು ಯಂತ್ರಗಳಿವೆ ಎಂದು ವಿವರಿಸಿ ಮಿತಿಯನ್ನು ಹೆಚ್ಚಿಸಲು ಕೋರಿಕೆ ಸಲ್ಲಿಸಿದೆ. ನಾಲ್ಕು ದಿನಗಳಲ್ಲಿ ಹೆಚ್ಚಿಸಿಕೊಟ್ಟರು. ಈ ಕೋರಿಕೆಯನ್ನು ಮೊದಲೇ ಸಲ್ಲಿಸಿಡಿ. ಅರ್ಧ ಯಂತ್ರಗಳಾದ ಮೇಲೆ ಮಿತಿ ಮುಗಿದರೆ ಆ ದಿನದ ಕೆಲಸವೆಲ್ಲ ನಿಲ್ಲುತ್ತದೆ.

ಕಾಯುತ್ತಿದ್ದ ದಿನಗಳಲ್ಲಿ ಆಫೀಸ್ ತಂತ್ರಾಂಶದ ಗಂಟನ್ನು ಬಿಚ್ಚತೊಡಗಿದೆ. ನಮ್ಮ ಮಟ್ಟಿಗೆ ಇದು ವಿಂಡೋಸಿಗಿಂತ ಕಠಿಣವಾಗಿತ್ತು. ಕಪಾಟಿನಲ್ಲಿ 20 ಕೀ ಕಾರ್ಡುಗಳು ಸಿಕ್ಕಿದವು. ಮೂರು ‘ಹೋಮ್ ಅಂಡ್ ಸ್ಟೂಡೆಂಟ್’ ಎಡಿಶನ್ನಿನವು; ಅದನ್ನು ವಾಣಿಜ್ಯ ಕೆಲಸಕ್ಕೆ ಬಳಸುವಂತಿಲ್ಲ, ಆದ್ದರಿಂದ ಬದಿಗಿಟ್ಟೆ. ಉಳಿದ 17 ‘ಹೋಮ್ ಅಂಡ್ ಬಿಸಿನೆಸ್’. ಇವು ಒಂದೊಂದು ಕಾರ್ಡಿಗೆ ಒಂದೊಂದು ಯಂತ್ರ ಎಂಬ ಲೆಕ್ಕದವು, ಕೀ ಬಳಸಿದಾಗಲೇ ಒಂದು ಮೈಕ್ರೋಸಾಫ್ಟ್ ಖಾತೆಗೆ ಸೇರಿಬಿಡುತ್ತವೆ, ಮತ್ತು ಎಲ್ಲರಿಗೂ ಹಂಚುವ ಇಮೇಜಿನಲ್ಲಿ ಇವುಗಳನ್ನು ಹಾಕಲಾಗದು. ಅಂದು ಸ್ಥಾಪಿಸಿದವರು ತಮ್ಮ ತಮ್ಮ ಸ್ವಂತ ಇಮೇಲ್ ಕೊಟ್ಟಿದ್ದರು. ಒಂಬತ್ತು ಖಾತೆಗಳನ್ನು ಮಾತ್ರ ಮರಳಿ ಪಡೆಯಲಾಯಿತು. ಎಂಟು ಕಾರ್ಡುಗಳ ಬಿಲ್ ನಮ್ಮ ಬಳಿ ಇದ್ದರೂ, ಖಾತೆಯ ಮಾಲೀಕರನ್ನು ತಲುಪಲಾಗದೆ ಅವುಗಳನ್ನು ಮತ್ತೆ ಸ್ಥಾಪಿಸಲಾಗಲಿಲ್ಲ. ಹಣ ಕೊಟ್ಟು ಕೊಂಡ ಹಕ್ಕು ಕಣ್ಣೆದುರೇ ಕೈತಪ್ಪಿದ ಈ ಬೇಸರ ನನ್ನಲ್ಲಿ ಇನ್ನೂ ಇದೆ. ಇಂಥ ಖಾತೆಗಳನ್ನು ವ್ಯಕ್ತಿಯ ಹೆಸರಿನಲ್ಲಲ್ಲದೆ ಕಚೇರಿಯ ಇಮೇಲಿನಲ್ಲಿ ತೆರೆಯಿರಿ, ಪಾಸ್‌ವರ್ಡನ್ನು ಸುರಕ್ಷಿತವಾಗಿ ಒಂದೆಡೆ ಇಡಿ.

ಕೊನೆಗೆ, ವಿಂಡೋಸ್ ನಡೆಸಲಿರುವ 34 ಯಂತ್ರಗಳಲ್ಲಿ ಒಂಬತ್ತಕ್ಕೆ ಆ ಕಾರ್ಡುಗಳು ಎಂದಾಯಿತು. ಎಕ್ಸೆಲ್‌ನಲ್ಲಿ ಸಂಕೀರ್ಣ ಹಾಳೆಗಳನ್ನು ನಡೆಸುವ ಹನ್ನೊಂದು ಮಂದಿಗೆ ಬಳಕೆದಾರರ ಹೆಸರಿನಲ್ಲಿ ಚಂದಾ ತೆಗೆದುಕೊಂಡೆವು. ಉಳಿದ 14 ಯಂತ್ರಗಳಿಗೆ ಲಿಬ್ರೆಆಫೀಸ್ ಹಾಕಿದೆವು, ಏಕೆಂದರೆ ಅದನ್ನು ಎಷ್ಟು ಯಂತ್ರಗಳಿಗೆ ನಕಲು ಮಾಡಿದರೂ ಅದರ ಮುಕ್ತ ಲೈಸೆನ್ಸ್ ಅಡ್ಡಿಪಡಿಸುವುದಿಲ್ಲ. ಮೊದಲ ವಾರ ಅಲ್ಲಲ್ಲಿ ಅಸಮಾಧಾನ ಇತ್ತು, ಪತ್ರಗಳ ಅಂಚು ಸರಿಯುತ್ತದೆ ಎಂಬ ದೂರು ಬಂತು. ಕಚೇರಿಯ ಪತ್ರದ ಮಾದರಿಗಳನ್ನು ಅದರಲ್ಲೇ ಹೊಸದಾಗಿ ಮಾಡಿಕೊಟ್ಟ ಮೇಲೆ ದೂರು ನಿಂತಿತು.

ಉಚಿತ ಎಂದುಕೊಂಡು ಬಳಸುತ್ತಿದ್ದ ಸಣ್ಣ ತಂತ್ರಾಂಶಗಳನ್ನೂ ಒಂದೊಂದಾಗಿ ನೋಡಬೇಕಾಯಿತು. ದೂರದಿಂದ ಯಂತ್ರ ನಿರ್ವಹಿಸಲು ಬಳಸುತ್ತಿದ್ದ ತಂತ್ರಾಂಶ ವೈಯಕ್ತಿಕ ಬಳಕೆಗೆ ಮಾತ್ರ ಉಚಿತವಾಗಿತ್ತು. ಕಡತಗಳನ್ನು ಕುಗ್ಗಿಸುವ ವಿನ್‌ರಾರ್ 40 ದಿನಗಳ ಪರೀಕ್ಷಾವಧಿಯ ತಂತ್ರಾಂಶ. ಅವಧಿ ಮುಗಿದ ಮೇಲೂ ತೆರೆಯುತ್ತಲೇ ಇರುತ್ತದೆ, ಆದರೆ ಬಳಸುವ ಹಕ್ಕು ಇರುವುದಿಲ್ಲ. ಅದರ ಜಾಗಕ್ಕೆ 7-ಜಿಪ್ ಬಂತು. ಒರಾಕಲ್ ಜಾವಾ 8ರ ನಿಯಮ 2019ರ ಏಪ್ರಿಲ್‌ನಲ್ಲಿ ಬದಲಾಗಿ, ಆ ನಂತರದ ಅಪ್‌ಡೇಟ್‌ಗಳನ್ನು ವಾಣಿಜ್ಯ ಕೆಲಸಕ್ಕೆ ಬಳಸಲು ಚಂದಾ ಬೇಕೆಂದಾಯಿತು. ನಮ್ಮ ಒಂದು ಹಳೆಯ ತಂತ್ರಾಂಶಕ್ಕೆ ಜಾವಾ ಬೇಕಿತ್ತು, ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆ ಹಾಕಿ ಪರೀಕ್ಷಿಸಿದೆ, ಯಾವ ತೊಂದರೆಯೂ ಬರಲಿಲ್ಲ. ಇಮೇಜಿನಲ್ಲಿ ಸೇರಿದ ಒಂದು ತಪ್ಪು 34 ತಪ್ಪುಗಳಾಗಿ ಬೆಳೆಯುತ್ತದೆ. ಆದ್ದರಿಂದ ಇಂಥ ಸಣ್ಣ ವಸ್ತುಗಳನ್ನೂ ಬಿಡದೆ ನೋಡಬೇಕು.

ಐದನೆಯ ವಾರ ಇಮೇಜ್ ಕಟ್ಟಲು ಕುಳಿತೆ. ಅದನ್ನು ಆದಷ್ಟು ತೆಳುವಾಗಿ ಇಡುವುದು ನನ್ನ ನಿರ್ಧಾರ. ವಿಂಡೋಸ್, ಅಪ್‌ಡೇಟ್‌ಗಳು, ಬ್ರೌಸರ್, ಲಿಬ್ರೆಆಫೀಸ್, 7-ಜಿಪ್, ಓಪನ್‌ಜೆಡಿಕೆ, ಆಂಟಿವೈರಸ್, ಪ್ರಿಂಟರ್ ಡ್ರೈವರುಗಳು, ಇಷ್ಟೇ. ಯಂತ್ರಕ್ಕೆ ಅಥವಾ ವ್ಯಕ್ತಿಗೆ ಕಟ್ಟಿದ ಲೈಸೆನ್ಸ್ ಇರುವ ಯಾವುದನ್ನೂ ಇಮೇಜಿನೊಳಗೆ ಸೇರಿಸಲಿಲ್ಲ. ಅವೆಲ್ಲ ನಂತರ, ಹಕ್ಕು ಇರುವ ಯಂತ್ರಕ್ಕೆ ಮಾತ್ರ. ಹೀಗೆ ಮಾಡಿದರೆ ಇಮೇಜ್ ಹಾಕುವ ಕೆಲಸ ಸ್ವಲ್ಪ ಉದ್ದವಾಗುತ್ತದೆ, ಆದರೆ ಲೆಕ್ಕ ತಪ್ಪುವ ಭಯ ಇರುವುದಿಲ್ಲ.

ಸಿಸ್‌ಪ್ರೆಪ್ ಮೂರು ಸಲ ವಿಫಲವಾಯಿತು. ಇಮೇಜ್ ತೆಗೆಯುವ ಮುನ್ನ ಯಂತ್ರದ ಗುರುತುಗಳನ್ನು ಅಳಿಸಿ ಸಾಮಾನ್ಯಗೊಳಿಸುವ ಉಪಕರಣ ಅದು. ಸಿಸ್‌ಪ್ರೆಪ್ ಫೋಲ್ಡರಿನ ಒಳಗಿನ ಪ್ಯಾಂಥರ್ ಫೋಲ್ಡರಿನಲ್ಲಿ ಸೆಟಪ್ಆಕ್ಟ್ ಎಂಬ ದಾಖಲೆ ಇರುತ್ತದೆ, ಕಾರಣ ಅದರಲ್ಲಿ ಸಿಗುತ್ತದೆ. ಸ್ಟೋರ್‌ನಿಂದ ತಾನಾಗಿ ಅಪ್‌ಡೇಟ್ ಆದ ಒಂದು ಆ್ಯಪ್ ಒಬ್ಬ ಬಳಕೆದಾರರಿಗೆ ಮಾತ್ರ ಸ್ಥಾಪಿತವಾಗಿದೆ, ಎಲ್ಲರಿಗೂ ಅಲ್ಲ ಎಂದು ಬರೆದಿತ್ತು. ಅದನ್ನು ತೆಗೆದರೆ ಮತ್ತೊಂದು ಬಂತು. ಕೊನೆಗೆ ಎಲ್ಲವನ್ನೂ ಮೊದಲಿನಿಂದ, ಇಂಟರ್ನೆಟ್ ಸಂಪರ್ಕವಿಲ್ಲದೆ, ಬಳಕೆದಾರರ ಖಾತೆ ತೆರೆಯದೆ ಯಂತ್ರ ಸಿದ್ಧಪಡಿಸುವ ಆಡಿಟ್ ಮೋಡ್‌ನಲ್ಲಿ ಕಟ್ಟಿದಾಗ ಸಿಸ್‌ಪ್ರೆಪ್ ಸರಿಯಾಗಿ ನಡೆಯಿತು. ಸಿಸ್‌ಪ್ರೆಪ್ ಬಿಟ್ಟು ನೇರ ನಕಲು ಮಾಡೋಣ ಎಂದು ಕೆಲವರು ಸಲಹೆ ಕೊಟ್ಟರು. ಹಾಗೆ ಮಾಡಬೇಡಿ. ಒಂದೇ ಎಸ್‌ಐಡಿ (ವಿಂಡೋಸ್ ಪ್ರತಿ ಯಂತ್ರಕ್ಕೆ ಕೊಡುವ ಗುರುತಿನ ಸಂಖ್ಯೆ) ಇರುವ ಯಂತ್ರಗಳಿಂದ ತೊಂದರೆಯಿಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. ಆದರೆ 2025ರ ಆಗಸ್ಟ್ 29ರಿಂದ ಬಂದ ಅಪ್‌ಡೇಟ್‌ಗಳ ನಂತರ ವಿಂಡೋಸ್ 11ರ 24ಎಚ್2 ಮತ್ತು 25ಎಚ್2 ಆವೃತ್ತಿಗಳಲ್ಲಿ ಒಂದೇ ಎಸ್‌ಐಡಿ ಇರುವ ಯಂತ್ರಗಳು ಪರಸ್ಪರ ಲಾಗಿನ್ ಆಗಲು ವಿಫಲವಾಗುತ್ತವೆ. ಕೆಎಂಎಸ್ ಬಳಸುವ ಕಚೇರಿಗಳಲ್ಲಿ ಇನ್ನೊಂದು ತೊಡಕಿದೆ. ಸಿಸ್‌ಪ್ರೆಪ್ ಮಾಡದ ನಕಲುಗಳೆಲ್ಲ ಸರ್ವರಿಗೆ ಒಂದೇ ಗುರುತಿನಿಂದ ಕಾಣಿಸಿಕೊಳ್ಳುವುದರಿಂದ, ಎಷ್ಟು ಯಂತ್ರ ಸೇರಿಸಿದರೂ ಎಣಿಕೆ 25 ತಲುಪುವುದೇ ಇಲ್ಲ.

ಪ್ರಯೋಗಕ್ಕೆಂದು ಮೂರು ಯಂತ್ರಗಳನ್ನು ಆರಿಸಿಕೊಂಡೆ: ಸ್ವಾಗತ ವಿಭಾಗದ್ದು, ನನ್ನದು ಮತ್ತು ಲೆಕ್ಕಪತ್ರ ವಿಭಾಗದ್ದೊಂದು. ಎರಡು ತೊಂದರೆಗಳು ಎದುರಾದವು. ಮೊದಲನೆಯದು, ಆಂಟಿವೈರಸ್ ನಿರ್ವಹಣಾ ಪುಟದಲ್ಲಿ ಮೂರು ಯಂತ್ರಗಳ ಬದಲು ಒಂದೇ ಸಾಲು ಕಾಣುತ್ತಿತ್ತು, ಅದರ ಹೆಸರು ನೋಡುತ್ತಿದ್ದಂತೆಯೇ ಬದಲಾಗುತ್ತಿತ್ತು. ಆಂಟಿವೈರಸ್ಸನ್ನು ಇಮೇಜಿನೊಳಗೇ ಹಾಕಿದ್ದರಿಂದ ಅದರ ಗುರುತಿನ ಸಂಖ್ಯೆ ಮೂರಕ್ಕೂ ಒಂದೇ ಆಗಿತ್ತು. ಅದನ್ನು ಇಮೇಜಿನಿಂದ ತೆಗೆದು, ಇಮೇಜ್ ಇಳಿದ ಮೇಲೆ ಸ್ಥಾಪಿಸುವ ಪಟ್ಟಿಗೆ ಸೇರಿಸಿದೆ.

ಎರಡನೆಯದು ಹೆಚ್ಚು ನೋವು ಕೊಟ್ಟಿತು. ಲೆಕ್ಕಪತ್ರದ ತಂತ್ರಾಂಶದ ಲೈಸೆನ್ಸ್ ಆ ಯಂತ್ರದ ಹಾರ್ಡ್‌ವೇರಿಗೆ ಕಟ್ಟಿಕೊಂಡಿತ್ತು, ಅಳಿಸುವ ಮುಂಚೆ ಅದರೊಳಗಿನಿಂದಲೇ ಲೈಸೆನ್ಸನ್ನು ಹಿಂದಿರುಗಿಸಬೇಕಿತ್ತು. ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಡಿಸ್ಕ್ ಅಳಿಸಿಯಾಗಿತ್ತು. ಹೊಸ ಇಮೇಜಿನ ಮೇಲೆ ಸ್ಥಾಪಿಸಿದಾಗ, ಈ ಲೈಸೆನ್ಸ್ ಬೇರೊಂದು ಯಂತ್ರದಲ್ಲಿ ಬಳಕೆಯಲ್ಲಿದೆ ಎಂಬ ಸಂದೇಶ ಬಂತು. ಮಾರಾಟಗಾರರು ಪರಿಶೀಲಿಸಿ ಬಿಡುಗಡೆ ಮಾಡಲು ಆರು ದಿನ ತೆಗೆದುಕೊಂಡರು, ತಿಂಗಳ ಕೊನೆಯ ಲೆಕ್ಕ ಅಷ್ಟೂ ದಿನ ನಿಂತಿತು, ಸಹೋದ್ಯೋಗಿಯೊಬ್ಬರು ಎರಡು ದಿನ ರಾತ್ರಿಯವರೆಗೆ ಕುಳಿತು ಅದನ್ನು ಸರಿದೂಗಿಸಬೇಕಾಯಿತು. ಆ ನಂತರ ಹಾಳೆಗೆ ಹೊಸ ಕಾಲಮೊಂದನ್ನು ಸೇರಿಸಿದೆ: ಅಳಿಸುವ ಮುಂಚೆ ಹಿಂದಿರುಗಿಸಬೇಕಾದ ಲೈಸೆನ್ಸುಗಳು. ವಿನ್ಯಾಸ, ನಕ್ಷೆ, ಪಿಡಿಎಫ್ ತಿದ್ದುವ ತಂತ್ರಾಂಶಗಳಲ್ಲಿ ಅನೇಕಕ್ಕೆ ಇದು ಅನ್ವಯಿಸುತ್ತದೆ. ಆ ಕಾಲಮು ಖಾಲಿಯಾಗದೆ ಯಾವ ಯಂತ್ರವನ್ನೂ ಮುಟ್ಟಲಿಲ್ಲ.

ಉಳಿದ ಯಂತ್ರಗಳಿಗೆ ಇಮೇಜ್ ಇಳಿಸಲು ಕ್ಲೋನ್‌ಜಿಲಾ ಬಳಸಿದೆ. ಅದು ಉಚಿತ, ಮುಕ್ತ ತಂತ್ರಾಂಶ, ಮತ್ತು ನೆಟ್‌ವರ್ಕಿನ ಮೂಲಕ ಮಲ್ಟಿಕ್ಯಾಸ್ಟ್ ವಿಧಾನದಲ್ಲಿ ಹಲವು ಯಂತ್ರಗಳಿಗೆ ಏಕಕಾಲಕ್ಕೆ ಕಳುಹಿಸುತ್ತದೆ. ಕೆಲಸದ ವೇಳೆಯಲ್ಲಿ ಮಾಡಿದರೆ ಇಡೀ ಕಚೇರಿಯ ನೆಟ್‌ವರ್ಕ್ ಕುಸಿಯುತ್ತದೆಂದು ಮೊದಲ ಪ್ರಯತ್ನದಲ್ಲೇ ಗೊತ್ತಾದ್ದರಿಂದ ಸಂಜೆಗಳನ್ನು ಆರಿಸಿಕೊಂಡೆ. ಡೆಸ್ಕ್‌ಟಾಪುಗಳು ಎರಡು ಸಂಜೆಗಳಲ್ಲಿ ಮುಗಿದವು. ಲ್ಯಾಪ್‌ಟಾಪುಗಳಲ್ಲಿ ಎರಡರ ಡಿಸ್ಕ್ ಕಾಣಲೇ ಇಲ್ಲ. ಫರ್ಮ್‌ವೇರಿನಲ್ಲಿ ಸ್ಟೋರೇಜ್ ನಿಯಂತ್ರಕದ ವಿಧಾನವನ್ನು ಬದಲಿಸಬೇಕಿತ್ತು. ಒಂದರಲ್ಲಿ ಇನ್ನೂ ಬ್ಯಾಕಪ್ ಆಗದ ಕಡತಗಳಿವೆ ಎಂದು ತಿಳಿದು ಹಳೆಯ ವಿಂಡೋಸನ್ನು ಮತ್ತೊಮ್ಮೆ ತೆರೆಯಲು ಹೋದಾಗ, ಫರ್ಮ್‌ವೇರ್ ಬದಲಾದ ಕಾರಣ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) 48 ಅಂಕಿಗಳ ರಿಕವರಿ ಕೀ ಕೇಳಿತು. ಆ ಕೀ ಯಂತ್ರದ ಬಳಕೆದಾರರ ಖಾತೆಯಲ್ಲಿ ಉಳಿದಿತ್ತು, ಇಲ್ಲವಾದರೆ ಆ ಕಡತಗಳು ಶಾಶ್ವತವಾಗಿ ಹೋಗುತ್ತಿದ್ದವು. ಫರ್ಮ್‌ವೇರ್ ಮುಟ್ಟುವ ಮುನ್ನ ಆ ಕೀಯನ್ನು ಬರೆದಿಟ್ಟುಕೊಳ್ಳಿ.

ಇಳಿದ ಪ್ರತಿ ಯಂತ್ರದಲ್ಲೂ ವಾಲ್ಯೂಮ್ ಕೀ ಹಾಕಿ ಆಕ್ಟಿವೇಟ್ ಮಾಡಿ, ಹಾಳೆಯಲ್ಲಿ ಆ ಯಂತ್ರದ ಮೂಲ ಲೈಸೆನ್ಸಿನ ದಾಖಲೆ ಇದೆಯೇ ಎಂದು ಮತ್ತೊಮ್ಮೆ ನೋಡಿ, ಎರಡೂ ಸರಿಯಾದ ಮೇಲಷ್ಟೇ ಗುರುತು ಹಾಕಿದೆ. ಮೂರನೆಯ ಸಂಜೆ ಆ ಮೂಲೆಯ ಕಂಪ್ಯೂಟರ್ ಬಂತು. ಹೊಸದಾಗಿ ಕೊಂಡ ಪೂರ್ಣ ಪ್ರೊ ಲೈಸೆನ್ಸಿನ ಬಿಲ್ಲನ್ನು ಅದರ ಸಾಲಿಗೆ ಸೇರಿಸಿ, ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. ಕಿಟಕಿಯಲ್ಲಿ ಅದೇ ‘ಲೈಸೆನ್ಸ್ಡ್’ ಎಂಬ ಪದ ಇತ್ತು. ಈ ಸಲ ಅದನ್ನು ಸಮರ್ಥಿಸುವ ಕಾಗದ ನನ್ನ ಕೈಯಲ್ಲಿತ್ತು. ಮನಸ್ಸಿಗೆ ಬಹಳ ದಿನಗಳ ನಂತರ ನಿರಾಳವೆನಿಸಿತು.

ಹಳೆಯ ನಾಲ್ಕು ಯಂತ್ರಗಳಿಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ್ದರಿಂದ ವಿಂಡೋಸ್ 11ರ ಅರ್ಹತೆ ಇರಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಎರಡಕ್ಕೆ ವಿಂಡೋಸ್ ಬದಲು ಉಬುಂಟು ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಬ್ರೌಸರ್ ಮತ್ತು ಲಿಬ್ರೆಆಫೀಸ್ ಸಾಕಾಗುವ ಮೇಜುಗಳಿಗೆ ಕೊಟ್ಟೆ. ಇನ್ನೆರಡರ ಡಿಸ್ಕ್ ಪೂರ್ಣವಾಗಿ ಅಳಿಸಿ ಬಳಕೆಯಿಂದ ತೆಗೆದೆ. ಅವುಗಳ ಸ್ಟಿಕ್ಕರ್ ಕಿತ್ತು ಹೊಸ ಯಂತ್ರಕ್ಕೆ ಹಚ್ಚಬಹುದಲ್ಲ ಎಂದು ಒಬ್ಬರು ಕೇಳಿದರು. ಒಇಎಂ ಲೈಸೆನ್ಸ್ ಆ ಯಂತ್ರದೊಂದಿಗೇ ಮುಗಿಯುತ್ತದೆ, ಬೇರೆಯದಕ್ಕೆ ಹೋಗುವುದಿಲ್ಲ ಎಂದು ತಿಳಿಸಿ, ಆ ಎರಡು ಸಾಲುಗಳ ಮುಂದೆ ‘ಹಕ್ಕು ಮುಗಿದಿದೆ’ ಎಂದು ಬರೆದೆ.

ನಿನ್ನೆ ಹೊಸ ಸಿಬ್ಬಂದಿಗೆಂದು ಒಂದು ಲ್ಯಾಪ್‌ಟಾಪ್ ಬಂತು. ಪೆಟ್ಟಿಗೆಯ ಬದಿಯ ಚೀಟಿಯಲ್ಲಿ ವಿಂಡೋಸ್ 11 ಹೋಮ್ ಎಂದಿತ್ತು; ನಾವು ಆದೇಶದಲ್ಲಿ ಬರೆದದ್ದು ಪ್ರೊ. ಪೆಟ್ಟಿಗೆಯನ್ನು ತೆರೆಯದೆ, ಆದೇಶದ ಪ್ರತಿಯೊಂದಿಗೆ ಮಾರಾಟಗಾರರಿಗೆ ಪತ್ರ ಬರೆದಿದ್ದೇನೆ. ಹಾಳೆಯ 39ನೆಯ ಸಾಲಿನಲ್ಲಿ ಸದ್ಯಕ್ಕೆ ಸೀರಿಯಲ್ ಸಂಖ್ಯೆ ಮಾತ್ರ ಇದೆ.